ಮುತ್ತಯ್ಯನ ಹೆಗಲ ಮೇಲಿನ ಕೇಬಲ್

ಕಬ್ಬು ಅರೆಯುವ ಕಾಲ ಬಂತೆಂದರೆ ಕುಂತೂರಿನ ಮುತ್ತಯ್ಯನ ವೆಲ್ಡಿಂಗ್ ಶೆಡ್ಡಿನ ಮುಂದೆ ಟ್ರೇಲರುಗಳು ಸಾಲುಗಟ್ಟುತ್ತವೆ. ಈ ವರ್ಷವೂ ನಿಂತಿದ್ದವು. ಆದರೆ ಎರಡು ತಿಂಗಳ ಹಿಂದೆ ಮುತ್ತಯ್ಯನ ಎಡ ಎದೆಯ ಮೇಲ್ಭಾಗದಲ್ಲಿ, ಚರ್ಮದೊಳಗೆ, ಪೇಸ್‌ಮೇಕರ್ ಇಟ್ಟಿದ್ದರು. ಹೃದಯದ ಬಡಿತ ತಪ್ಪದಂತೆ ನೋಡಿಕೊಳ್ಳುವ ಪುಟ್ಟ ಯಂತ್ರ ಅದು.

ಅವನು ಶೆಡ್ಡಿಗೆ ಹೋಗುವುದು ಹೆಂಡತಿ ರಾಮಮ್ಮನಿಗೆ ಇಷ್ಟವಿರಲಿಲ್ಲ.

“ವೆಲ್ಡಿಂಗ್ ಮಾಡೋನು ನಮ್ಮ ಕೆಲ್ಸದ ಹುಡ್ಗ ಶಾಂತರಾಜು. ನಾನು ಬರೀ ಕಬ್ಬಿಣ ಇಡ್ಕತೀನಿ ಕಣಮ್ಮಿ,” ಎಂದು ಮುತ್ತಯ್ಯ ಹೊರಟೇಬಿಟ್ಟ.

ಮಧ್ಯಾಹ್ನ ರಾಮಮ್ಮ ಊಟ ತಂದಾಗ ಅವನು ವೆಲ್ಡಿಂಗ್ ಕೇಬಲನ್ನು ಸುತ್ತಿ ಎಡ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕೇಬಲ್ ಟ್ರಾಕ್ಟರ್ ಚಕ್ರಕ್ಕೆ ಸಿಗದಿರಲೆಂದು ಮೂವತ್ತು ವರ್ಷದಿಂದ ಅವನು ಮಾಡಿಕೊಂಡ ರೂಢಿ. ಶಾಂತರಾಜು ಕಿಡಿ ಹಾರಿಸಿದ್ದೇ ತಡ, ಮುತ್ತಯ್ಯ ಕಣ್ಣು ಕತ್ತಲಿಟ್ಟು ಕುಸಿದುಬಿದ್ದ. ಶಾಂತರಾಜು ಗಾಬರಿಯಾಗಿ ಮೆಷಿನ್ ಆರಿಸಿದ. ಮುತ್ತಯ್ಯ ಕಣ್ಣು ಬಿಡುವಷ್ಟರಲ್ಲಿ ರಾಮಮ್ಮನ ಜೀವ ಬಾಯಿಗೆ ಬಂದಿತ್ತು.

ಕೊಳ್ಳೇಗಾಲದ ಆಸ್ಪತ್ರೆಗೆ ಆಶಾ ಕಾರ್ಯಕರ್ತೆ ಶಿವರತ್ನಮ್ಮನೂ ಜೊತೆಗೆ ಬಂದಳು.

“ಬಿಸ್ಲಿಗೆ ತಲೆ ಸುತ್ತು ಬಂತು, ಅಷ್ಟೆ,” ಎಂದ ಮುತ್ತಯ್ಯ.

“ಬಿಸ್ಲಲ್ಲ ಕಣಣ್ಣ,” ಎಂದಳು ಶಿವರತ್ನಮ್ಮ. “ಹೃದಯ ಬಡೀತದಾ ಇಲ್ವಾ ಅಂತ ನಿಮ್ಮ ಎದೇಲಿರೋ ಮೆಷಿನ್ನು ಕಾಯ್ತಾ ಇರ್ತದೆ. ಪಕ್ಕದ ಕೇಬಲಲ್ಲಿ ಜೋರು ಕರೆಂಟು ಅರಿದ್ರೆ ಅದನ್ನೇ ಬಡಿತ ಅನ್ಕಂಡು ಸುಮ್ಕಾಗ್ಬುಡ್ಬೋದು. ಆಗ ಬಡಿತ ತಪ್ಪಿ ಕಣ್ಣು ಕತ್ಲಿಡ್ತದೆ. ಅದ್ಕೆ ಕರೆಂಟು ಮೈಗೆ ಒಡೀಲೇಬೇಕು ಅಂತಿಲ್ಲ.”

“ಅಂಗಾರೆ ಮನೇಲಿ ಟಿವಿ, ಫ್ಯಾನೂ ಆಕ್ಬಾರ್ದಾ?”

“ಅವುಕ್ಕೆ ಎದ್ರಬೇಡಿ. ಮೊಬೈಲ್ ಮಾತ್ರ ಮೆಷಿನ್ ಇರೋ ಕಡೆ ಜೇಬಲ್ಲಿ ಬೇಡ. ವೆಲ್ಡಿಂಗು, ಜನರೇಟರು, ಟ್ರಾನ್ಸ್‌ಫಾರ್ಮರು ಇರೋ ಕಡೆ ಅತ್ರ ಓಗ್ಬೇಡಿ. ಎಷ್ಟು ದೂರ ಇರ್ಬೇಕು ಅಂತ ಡಾಕ್ಟ್ರನ್ನೇ ಕೇಳಿ. ಮೆಷಿನ್ ಇಟ್ಟಾಗ ಅವ್ರು ಇದ್ನೆಲ್ಲ ಏಳ್ಲಿಲ್ವಾ?”

ರಾಮಮ್ಮ ತಲೆ ತಗ್ಗಿಸಿದಳು. ಯಜಮಾನರು ಏನು ಕೆಲಸ ಮಾಡುತ್ತಾರೆ ಎಂದು ಡಾಕ್ಟರು ಅಂದೇ ಕೇಳಿದ್ದರು. ಕೈ ಮಸಿ ಮಾಡಿಕೊಳ್ಳುವ ಕೆಲಸ ಎನ್ನಲು ಅವಳಿಗೆ ನಾಚಿಕೆಯಾಗಿತ್ತು.

“ಅಂಗ್ಡಿ ಮಡಗವ್ರೆ ಅಂದ್ಬುಟ್ಟೆ ಕಣಕ್ಕ. ಅವ್ರು ಕೊಟ್ಟ ಪುಸ್ತಕ, ಮೆಷಿನ್ನಿನ ಕಾರ್ಡು ಯಾರ ಕೈಲೂ ಓದಿಸ್ಲಿಲ್ಲ. ಕುಂಕುಮ ಇಟ್ಟು ದೇವ್ರ ಗೂಡಲ್ಲಿ ಮಡಗಿವ್ನಿ.”

ಅವಳು ಅತ್ತಳು.

“ಕೆಲ್ಸ ನಂದು. ನಾನೇ ಏಳ್ಬೇಕಾಗಿತ್ತು,” ಎಂದ ಮುತ್ತಯ್ಯ.

ಡಾಕ್ಟರು ಬಂದಾಗ ರಾಮಮ್ಮನೇ ಎದ್ದು ನಿಂತಳು. “ನಮ್ಮೆಜಮಾನ್ರು ವೆಲ್ಡಿಂಗ್ ಮಾಡೋರು ಸಾ. ಮೂವತ್ತು ವರ್ಸದಿಂದ.”

ಈಗ ಮುತ್ತಯ್ಯ ಡಾಕ್ಟರು ಹೇಳಿದಷ್ಟು ದೂರದಲ್ಲಿ, ರಸ್ತೆಯಾಚೆ ಹೊಂಗೆಮರದ ಕೆಳಗೆ ಕುಳಿತು ಶಾಂತರಾಜುವಿಗೆ ಕೆಲಸ ಹೇಳುತ್ತಾನೆ. ಕೈ ಸುಮ್ಮನಿರುವುದು ಅವನಿಗೆ ಸಂಕಟವೇ. ಆದರೂ ಕೂರುತ್ತಾನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇಟ್ಟಿದ್ದರೆ ಅದರ ವಿವರವಿರುವ ಕಾರ್ಡು ದೇವರ ಗೂಡಿನಲ್ಲಿ ಬೇಡ, ಅವರ ಜೇಬಿನಲ್ಲಿರಲಿ. ದೊಡ್ಡ ಕರೆಂಟಿನ ಯಂತ್ರಗಳ ಬಳಿ ತಲೆ ಸುತ್ತಿದರೆ ಕೂಡಲೇ ದೂರ ಸರಿಯಲಿ, ಆಸ್ಪತ್ರೆಗೆ ಹೋಗಲಿ. ಅವರು ಮಾಡುವ ಕೆಲಸ ಯಾವುದೇ ಇರಲಿ, ಡಾಕ್ಟರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ. ದುಡಿದು ತಿನ್ನುವ ಕೆಲಸ ಹೇಳಲು ನಾಚಿಕೆ ಏಕೆ?