ಸಾರಿಸಿದ ನೆಲ

"ಏ ಮುದುಕಿ, ಆ ಹುಚ್ಚೀನ್ನ ಎಳಕೊಂಡು ಹೊರಗ ನಡಿ. ಡಾಕ್ಟರ್ ಮೇಡಂ ಬಂದದ್ದು ಮನಿ ಬಿದ್ದವ್ರಿಗಿ, ನಿಮ್ಮಂಥಾ ಪುಕ್ಕಟೆ ಗಿರಾಕಿಗೋಳಿಗಲ್ಲ."

ನೆರೆ ಪರಿಹಾರಕ್ಕೆಂದು ಶಾಲೆಯ ಕೋಣೆಯಲ್ಲಿ ಮೇಜು ಹಾಕಿ, ಹಾನಿಯಾದವರ ಪಟ್ಟಿ ಹರಡಿಕೊಂಡು ಕೂತಿದ್ದ ಊರ ಲೆಕ್ಕಿಗ, ತಲಾಠಿ ಗಜಾನನ ತಲೆ ಎತ್ತದೆಯೇ ಹೀಗಂದ. ಅಲ್ಲವ್ವ ಕದಲಲಿಲ್ಲ. ಅವಳ ಹೆಗಲಿಗೆ ಒರಗಿದ್ದ ಮಗಳು ಕಾಜಲ್‌ಳ ಮೈ ಕಾದ ಹಂಚಾಗಿತ್ತು. ಕುಪ್ಪಸದ ಎಡಭಾಗ ತೊಯ್ದು ಕೀವಿನ ವಾಸನೆ ಬರುತ್ತಿತ್ತು.

"ನಮ್ಮನೀನೂ ಬಿದ್ದೈತ್ರಿ ಸಾಹೇಬ್ರ. ಇಕೀ ಎದಿಯಾಗ ಹಾಲ ಗಡ್ಡಿ ಕಟ್ಟೈತಿ. ಮೂರ ದಿನದಿಂದ ಜ್ವರ. ಒಮ್ಮಿ ತೋರಸ್ತೀನ್ರಿ."

"ಪಟ್ಟ್ಯಾಗ ಹೆಸರಿಲ್ಲ."

ಕಾಜಲ್ ಬಾಣಂತನಕ್ಕೆಂದು ತವರಿಗೆ ಬಂದವಳು. ಒಂಬತ್ತು ದಿನದ ಹಿಂದೆ ಹಿಡಕಲ್ ಡ್ಯಾಮಿನ ನೀರು ಕೇರಿಗೆ ನುಗ್ಗಿದಾಗ ಒಳಕೋಣೆಯ ಗೋಡೆ ಕುಸಿದು, ತೊಟ್ಟಿಲ ಸಮೇತ ಎರಡು ತಿಂಗಳ ಕೂಸು ಹೊಳೆಪಾಲಾಯಿತು. ಹೆಣವೂ ಸಿಗಲಿಲ್ಲ. ಅಂದಿನಿಂದ ಅವಳು ಮಾತು ಬಿಟ್ಟಿದ್ದಾಳೆ. ಕಣ್ಣು ಮುಚ್ಚುವುದಿಲ್ಲ, ಕೊಡಕ್ಕೆ ನೀರು ಬಿದ್ದ ಸದ್ದಾದರೂ ಮೂಲೆಗೆ ಸೇರಿ ನಡುಗುತ್ತಾಳೆ. ಕೂಸು ಇಲ್ಲ ಅಂತ ಎದೆಗೆ ಯಾರು ಹೇಳಬೇಕು? ಹಾಲು ಬರುತ್ತಲೇ ಇತ್ತು.

ನೀರು ಇಳಿದ ಮೇಲೆ ಅಲ್ಲವ್ವನಿಂದ ಒಂದು ತಪ್ಪಾಯಿತು. ಸಾವಾದ ಮನೆಯನ್ನು ಸಾರಿಸದೆ ಬಿಡುವುದುಂಟೇ? ಅಳುತ್ತಲೇ ಕೆಸರು ಬಳಿದು ಹಾಕಿ, ಎಲ್ಲಿಂದಲೋ ಸೆಗಣಿ ತಂದು ನಡುಮನೆ ಸಾರಿಸಿ ದೀಪ ಇಟ್ಟಳು. ಮರುದಿನ ಪಂಚನಾಮೆಗೆ ಬಂದ ಗಜಾನನ ಕೇರಿಯವರ ಮನೆಯೊಳಗೆ ಕಾಲಿಡುವ ಪೈಕಿಯೇ? ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಾಚೆಯಿಂದ ಇಣುಕಿದ. ಸಾರಿಸಿದ ನೆಲ ಕಂಡಿತು, ದೀಪ ಕಂಡಿತು. 'ಹಾನಿ ಇಲ್ಲ' ಎಂದು ಬರೆದುಕೊಂಡು ಹೋದ. ಬಿದ್ದ ಗೋಡೆ ಕಾಣಬೇಕಾದರೆ ನಾಲ್ಕು ಹೆಜ್ಜೆ ಒಳಗೆ ಬರಬೇಕಿತ್ತು.

"ಗೌಡ್ರ ಎಮ್ಮಿ ಕೊಟಗಿ ಪಟ್ಟ್ಯಾಗ ಐತಿ. ಅಲ್ಲವ್ವನ ಮನಿ ಹೆಂಗಿಲ್ರಿ?" ಸಾಲಿನಲ್ಲಿ ನಿಂತಿದ್ದ ಮುದುಕ ಭೀಮರಾಯ ಕೇಳಿದ.

"ಬಾಯಿ ಮುಚ್ಚಲೇ ಹಾಟ್ಯಾ. ನಿನ್ನ ಹೆಸರಿಗೂ ಕಾಟ ಹೊಡೀಲೇನ?"

ಭೀಮರಾಯ ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದ.

ಬಾಜೂ ಕುರ್ಚಿಯಲ್ಲಿದ್ದ ಡಾಕ್ಟರಮ್ಮ ಮೆಲ್ಲಗೆ ಹೇಳಿದಳು: "ಪಟ್ಟಿಯಲ್ಲಿ ಇಲ್ಲದೆ ನಾನು ನೋಡೋಕೆ ಬರಲ್ಲಮ್ಮಾ. ಗೋಕಾಕಿಗೆ ಕರ್ಕೊಂಡು ಹೋಗಿ."

"ಹೊಳಿ ಮತ್ತ ಏರೇತ್ರಿ ಅವ್ವಾರ. ಸೇತುವಿ ಮುಳಗೇತಿ. ಹಾರಿಕೊಂಡ ಹೋಗ್ಲ್ಯಾ?"

"ದೀಪಾ ಹಚ್ಚಿ, ನೆಲಾ ಸಾರಿಸಿ ಚಂದಂಗ ಕುಂತಿದ್ರಿ," ಗಜಾನನ ನಕ್ಕ. "ಈಗ ಇಲ್ಲಿ ಬಂದು ನಾಟಕಾ ಮಾಡ್ತೀರಿ, ಭೋಸಡೇರು."

ಅಲ್ಲವ್ವನಿಗೆ ಅಷ್ಟು ಹೊತ್ತೂ ಇದ್ದ ಹೆದರಿಕೆ ಹೋಗಿ ಸಿಟ್ಟು ನೆತ್ತಿಗೇರಿತು. ಇನ್ನೂ ಕೈಮುಗಿದು ನಿಂತರೆ ಕೂಸಿನ ಹಿಂದೆ ಮಗಳೂ ಹೋಗುತ್ತಾಳೆ. ಕಾಜಲ್‌ಳನ್ನು ಎರಡೂ ತೋಳಲ್ಲಿ ಎತ್ತಿದವಳೇ, ಮೇಜಿನ ಮೇಲೆ ಹರಡಿದ್ದ ಪಟ್ಟಿಯ ಮೇಲೆಯೇ ಮಲಗಿಸಿಬಿಟ್ಟಳು.

ಗಜಾನನ ಕುರ್ಚಿ ಕೆಡವಿಕೊಂಡು ಹಿಂದೆ ಸರಿದ. "ಎತ್ತ ಇಕೀನ್ನ, ರಂಡೆ. ಪೊಲೀಸರ್ನ ಕರೀತೇನಿ."

"ಕರಿಯೋ, ನಿಮ್ಮಪ್ಪಗೂ ಕರಿ. ಇಕೀನ್ನ ನೋಡೂತನಕ ಎತ್ತಂಗಿಲ್ಲ."

ಪಟ್ಟಿ ಎಳೆದುಕೊಳ್ಳಬೇಕಾದರೆ ಕಾಜಲ್‌ಳನ್ನು ಮುಟ್ಟಬೇಕು. ಗಜಾನನ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ. "ಮುಂದಿನವ್ರು ಬರ್ರಿ," ಎಂದು ಕೂಗಿದ.

ಸಾಲಿನಿಂದ ಯಾರೂ ಬರಲಿಲ್ಲ. ಭೀಮರಾಯ ಬಂದು ಮೇಜಿನ ಕಾಲಿಗೆ ಒರಗಿ ಕೂತುಬಿಟ್ಟ.

ಡಾಕ್ಟರಮ್ಮ ಎದ್ದಳು. ಒಂದು ಕೈಗೆ ಗ್ಲೌಸ್ ಏರಿಸಿಕೊಂಡು, ಇನ್ನೊಂದನ್ನು ಹಿಡಿದುಕೊಂಡೇ ಒಪ್ಪಿಗೆ ಕೇಳುವಂತೆ ಗಜಾನನನ ಮುಖ ನೋಡಿದಳು.

ಅಲ್ಲವ್ವ ನಡುವೆ ಬಂದು ನಿಂತಳು.

"ಅವನ ಮಾರಿ ಏನ ನೋಡ್ತೀರಿ? ಇಕೀನ್ನ ನೋಡ್ರಿ."