ಅಜ್ಜಿ ಯಾರ ವಶಕ್ಕೆ

ಕನ್ನಡಕದ ಅಂಗಡಿಯವನಿಗೂ ಅವನ ಹೆಂಡತಿಗೂ ವಿಚ್ಛೇದನವಾಯಿತು. ಏಳು ವರ್ಷದ ಮಗಳು ವಾರವಿಡೀ ತಾಯಿಯ ಬಳಿ, ಶನಿವಾರ ಭಾನುವಾರ ತಂದೆಯ ಬಳಿ ಇರಬೇಕು, ಜೀವನಾಂಶ ತಂದೆ ಕೊಡಬೇಕು ಎಂದು ತೀರ್ಪಾಯಿತು. ಅಂಗಡಿಯವನು ಸೂಟ್‌ಕೇಸ್ ಹಿಡಿದು ಅಂಗಡಿಯ ಮೇಲಿನ ಕೋಣೆಗೆ ಹೊರಟ. ಅವನ ತಾಯಿ ಮಾತ್ರ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ.

"ಅಮ್ಮಾ, ಹೊರಡು."

"ಡೈವೋರ್ಸ್ ಆಗಿರೋದು ನಿನಗೆ. ನನಗೇನಾಗಿದೆ?"

ಸೊಸೆ ರಕ್ತಪರೀಕ್ಷೆಯ ಲ್ಯಾಬಿಗೆ ಬೆಳಿಗ್ಗೆ ಬೇಗ ಹೋಗುವವಳು. ಮಗುವಿಗೆ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದದ್ದು ಅತ್ತೆಯೇ. ಸೊಸೆ ಅತ್ತೆಯ ಕೈಗೆ ಕಾಫಿ ಲೋಟ ಕೊಟ್ಟಳು.

ಶನಿವಾರ ಮಗಳನ್ನು ಕರೆದೊಯ್ಯಲು ಬಂದರೆ, ಬಾಗಿಲಲ್ಲಿ ಅಜ್ಜಿಯೂ ಚೀಲ ಹಿಡಿದು ತಯಾರಾಗಿ ನಿಂತಿದ್ದರು. ಅಜ್ಜಿ ಮೊಮ್ಮಗಳಿಬ್ಬರೂ ಅವನ ಒಂಟಿ ಮಂಚ ಹಿಡಿದರು. ಅವನು ಕೆಳಗೆ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಮುದುರಿಕೊಂಡ. ಭಾನುವಾರ ಸಂಜೆಯಾಗುತ್ತಲೇ ಅಜ್ಜಿ ಅವಸರಪಡಿಸಿದರು: "ನಮ್ಮನ್ನ ಬೇಗ ಬಿಟ್ಟು ಬಾಪ್ಪ. ಲೇಟಾದ್ರೆ ಕೋರ್ಟಿನವರು ನಿನ್ನನ್ನೇ ಕೇಳೋದು."

ಹೆತ್ತ ತಾಯಿಯೇ ವಾರಾಂತ್ಯದ ಅತಿಥಿಯಾದದ್ದು ಅವನಿಗೆ ಸಹಿಸಲಾಗಲಿಲ್ಲ. ತಾಯಿಯನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಅರ್ಜಿ ಹಾಕಿದ. ವಕೀಲರು ತಲೆ ಕೆರೆದುಕೊಂಡರು. ನ್ಯಾಯಾಧೀಶರು ಮಕ್ಕಳನ್ನು ಕೇಳುವಂತೆಯೇ ಅಜ್ಜಿಯನ್ನು ಹತ್ತಿರ ಕೂರಿಸಿಕೊಂಡು, ಬಿಸ್ಕತ್ತು ಕೊಟ್ಟು ಕೇಳಿದರು:

"ಹೆದರಬೇಡಿ. ಯಾರ ಜೊತೆ ಇರ್ತೀರಿ?"

"ಸೊಸೆ ಜೊತೆ."

"ಮಗ ಬೈತಾನಾ?"

"ಛೆ ಛೆ, ಬಂಗಾರದಂಥವನು! ಏನು ಹೇಳಿದ್ರೂ ಹೂಂ ಅಂತಾನೆ. ಎಷ್ಟು ಹೊತ್ತೂಂತ ಮಾತಾಡೋದು? ಸೊಸೆಯಾದ್ರೆ ಒಂದಕ್ಕೆರಡು ತಿರುಗಿ ಹೇಳ್ತಾಳೆ. ದಿನ ಹೋಗೋದೇ ತಿಳಿಯಲ್ಲ."

ಮೊಮ್ಮಗಳಿಗಿದ್ದ ಏರ್ಪಾಡೇ ಅಜ್ಜಿಗೂ ಅನ್ವಯವಾಯಿತು. ಜೀವನಾಂಶವನ್ನೂ ಅವನು ಇನ್ನು ಇಬ್ಬರಿಗೆ ಕೊಡಬೇಕಾಯಿತು.

ಕೋರ್ಟಿನ ಹೊರಗೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಅಂಗಡಿಯವನು ಮಗಳ ಪಕ್ಕ ಕುಸಿದು ಕುಳಿತ. "ಎಲ್ಲರನ್ನೂ ಕೇಳಿದ್ರು. ನನ್ನನ್ನ ಯಾರ ವಶಕ್ಕೆ ಕೊಟ್ರು?" ಎಂದ.

ಹೆಂಡತಿಯಾಗಿದ್ದವಳು ಅವನ ಇನ್ನೊಂದು ಪಕ್ಕದಲ್ಲಿ ಕುಳಿತಳು. ಎಷ್ಟೋ ತಿಂಗಳ ಮೇಲೆ ಅವಳ ದನಿ ಮೆತ್ತಗಾಗಿತ್ತು. "ಬುಧವಾರ ನನಗೆ ಲ್ಯಾಬಲ್ಲಿ ರಾತ್ರಿ ಪಾಳಿನೂ ಇರುತ್ತೆ. ಸಂಜೆ ಮನೆಗೆ ಬಂದು ಇಬ್ಬರನ್ನೂ ನೋಡ್ಕೋತೀರಾ?"

"ಕೋರ್ಟು ಒಪ್ಪುತ್ತಾ?"

"ಕೋರ್ಟಿಗೆ ಯಾಕೆ ಹೇಳ್ಬೇಕು?"

ಅಷ್ಟರಲ್ಲಿ ಬಸ್ಸು ಬಂತು. ಕಿಟಕಿ ಸೀಟಿಗಾಗಿ ಅತ್ತೆ ಸೊಸೆ ಹತ್ತುವ ಮೊದಲೇ ಜಗಳ ಶುರುಮಾಡಿದರು. ಅವನು ಮಗಳ ಕೈ ಹಿಡಿದು ಹಿಂದೆಯೇ ಹತ್ತಿದ. ಅಂದು ಬುಧವಾರವೇ ಆಗಿತ್ತು.