ಹಪ್ಪಳದ ಮೇಲಿನ ಮಸಿ

ಬೋವಿಕಾನ ಪೇಟೆಯ ಅಂಗಡಿಯವರು ಮಸಿ ಹಿಡಿದಿದೆಯೆಂದು ನನ್ನ ಹಲಸಿನ ಹಪ್ಪಳವನ್ನು ಮೂರನೇ ಸಲ ಹಿಂದಕ್ಕೆ ಕಳಿಸಿದ ದಿನವೇ ನಾನು ತೀರ್ಮಾನಿಸಿದೆ, ಇನ್ನು ಸುಮ್ಮನಿರುವುದಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ಮರದ ತುಂಡು ಸುಟ್ಟು ಕರೆಂಟು ಮಾಡುವ ಕಂಪೆನಿಯಿದೆ. ಅದರ ಮಸಿಯೆಲ್ಲ ನಮ್ಮ ತಾರಸಿಗೆ. ಹೊಗೆ ಸೋಸುವ ಯಂತ್ರ ಅವರಲ್ಲಿ ಇಲ್ಲವೆಂದಲ್ಲ, ತಪಾಸಣೆಗೆ ಜನ ಬಂದಾಗ ಮಾತ್ರ ಓಡಿಸುತ್ತಾರೆ.

ಆ ತಿಂಗಳು ಕಂಪೆನಿಯ ಪರವಾನಗಿ ನವೀಕರಣವಾಗುವುದಿತ್ತು. ಈಗ ಹಿಡಿಯದಿದ್ದರೆ ಇನ್ನೂ ಐದು ವರ್ಷ ಮಸಿಯೇ ಗತಿ. ಹಾಗಾಗಿ ಹಪ್ಪಳ ಒಣಗಿಸಿದ ಬಿಳಿ ಬಟ್ಟೆಗಳನ್ನು ತೊಳೆಯದೆ, ತಾರೀಕಿನ ಚೀಟಿ ಸಿಕ್ಕಿಸಿ, ಹದಿನೆಂಟು ದಿನದ್ದು ಎತ್ತಿಟ್ಟೆ. ಬಟ್ಟೆಗಳ ವಿಷಯವನ್ನೂ ಸೇರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಬರೆದೆ.

ಮಂಡಳಿಯ ಇಂಜಿನಿಯರ್ ವಿಷ್ಣುಪ್ರಸಾದ ಬರುವ ದಿನ ಬೆಳಿಗ್ಗೆ ಪೇಟೆಗೆ ಹೋಗಿ ಬಂದು ನೋಡಿದರೆ, ಅಂಗಳದ ಹಗ್ಗದಲ್ಲಿ ಹದಿನೆಂಟು ಬಟ್ಟೆಗಳೂ ಮಲ್ಲಿಗೆಯ ಹಾಗೆ ಬೆಳ್ಳಗೆ ಹಾರಾಡುತ್ತಿದ್ದವು.

“ಆಫೀಸರು ಬರುವ ಮನೆಯಲ್ಲಿ ಕೊಳಕು ಬಟ್ಟೆಯ ರಾಶಿಯಾ? ಮರ್ಯಾದೆ ಬೇಡ್ವಾ?” ಎಂದರು ಅತ್ತೆ. ತಾರಸಿಯನ್ನೂ ಗುಡಿಸಿ ತೊಳೆದಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ವಿಷ್ಣುಪ್ರಸಾದ ಕಂಪೆನಿಯನ್ನು ನೋಡಿಕೊಂಡೇ ನಮ್ಮಲ್ಲಿಗೆ ಬಂದರು.

“ಅಲ್ಲಿ ಎಲ್ಲ ಸರಿ ಉಂಟಲ್ಲ ಮೋಹಿನಿಯಕ್ಕ. ಇಲ್ಲಿಯೂ ಮಸಿ ಇಲ್ಲ. ಬಟ್ಟೆ ಇದ್ದಿದ್ರೂ ನೀವು ತೆಗೆದಿಟ್ಟದ್ದು ಕಾನೂನಿನಲ್ಲಿ ನಿಲ್ಲುದಿಲ್ಲ. ಸ್ಯಾಂಪಲ್ ನಾವೇ ತೆಗೀಬೇಕು.”

“ಹಾಗಾದ್ರೆ ನೀವೇ ತೆಗೀರಿ ಸರ್. ಜೀಪು ವಾಪಸ್ ಕಳಿಸಿ. ಅದು ಹೋಗುದನ್ನು ಕಂಪೆನಿಯವರು ನೋಡ್ಲಿ. ನೀವು ಊಟ ಮಾಡಿಯೇ ಹೋಗ್ಬೇಕು.”

ಅವರು ನನ್ನ ಮುಖವನ್ನೇ ನೋಡಿ ನಕ್ಕರು. ಡ್ರೈವರ್ ಲತೀಶ್ ಕಂಪೆನಿಯ ಗೇಟಿನೆದುರೇ ಹಾರ್ನ್ ಹಾಕಿಕೊಂಡು ಜೀಪು ಓಡಿಸಿದ. ಅತ್ತೆ ತೊಳೆದ ಬಟ್ಟೆಯೊಂದನ್ನು ನಾನು ವಿಷ್ಣುಪ್ರಸಾದರ ಎದುರೇ ತಾರಸಿಯಲ್ಲಿ ಹಾಸಿದೆ.

ಅನ್ನಕ್ಕೆ ಸಾರು ಬಡಿಸುವಷ್ಟರಲ್ಲಿ ಗುಡ್ಡದಿಂದ ಕಪ್ಪು ಹೊಗೆ ಎದ್ದಿತು. ಊಟ ಮುಗಿಯುವಾಗ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದಂತೆ ಮಸಿ. ವಿಷ್ಣುಪ್ರಸಾದ ಫೋಟೋ ತೆಗೆದರು, ಬಟ್ಟೆ ಮಡಚಿ ಕವರಿಗೆ ಹಾಕಿ ಸೀಲ್ ಮಾಡಿದರು. ಜೀಪು ಕರೆಸಿ ನೇರ ಕಂಪೆನಿಗೆ ನುಗ್ಗಿದರೆ, ಸೋಸುವ ಯಂತ್ರ ತಣ್ಣಗೆ ನಿಂತಿತ್ತಂತೆ.

ತಿರುಗಿ ಬಂದು ಮಹಜರು ಬರೆದರು. “ದೂರು ಕೊಟ್ಟವರಲ್ಲದೆ ಇನ್ನೊಬ್ಬರ ಸಾಕ್ಷಿ ಬೇಕು. ಕಂಪೆನಿಯವರಿಗೆ ಹೆಸರು ಗೊತ್ತಾಗ್ತದೆ, ಅವರು ಸುಮ್ಮನೆ ಕೂರುವವರಲ್ಲ. ಮುಂದೆ ಕೇಳಿದ್ರೆ, ಹಾಸುವಾಗ ಬಟ್ಟೆಯಲ್ಲಿ ಒಂದು ಚುಕ್ಕಿಯೂ ಇರ್ಲಿಲ್ಲ ಅಂತ ಗಟ್ಟಿಯಾಗಿ ಹೇಳುವವರು ಬೇಕು.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು.

“ಎಲ್ಲಿ ಸೈನು ಹಾಕ್ಬೇಕು, ತೋರಿಸಿ. ತೊಳೆದದ್ದು ನಾನೇ.”